ಹಾಲು ಮೊದಲು ಹಾಕಿದ ಹುಡುಗಿ

ಪ್ರೀತಿಯ ಹನುಮ,

ಈ ಹೆಸರಿಗೆ ನೀನು ಈಗಲೂ ಓಗೊಡುತ್ತೀಯಾ ಅಂತ ನೋಡುತ್ತಿದ್ದೇನೆ. ಏಳನೇ ಕ್ಲಾಸಿನ ರಾಜ್ಯೋತ್ಸವಕ್ಕೆ ಆಡಿದ ಓಬವ್ವನ ನಾಟಕ ನೆನಪಿದೆ ತಾನೇ? ನಾನು ಓಬವ್ವ, ನೀನು ಕಹಳೆಯ ಮುದ್ದ ಹನುಮ. ನಿನಗಿದ್ದದ್ದು ಒಂದೇ ಕೆಲಸ, ಮನೆಗೆ ಬಂದು ಊಟಕ್ಕೆ ಕೂರುವುದು. ನಿಜವಾದ ಮುದ್ದೆ ಸಾರು ತರಿಸಿಕೊಂಡು, ಪರದೆ ಬಿದ್ದ ಮೇಲೂ ಉಣ್ಣುತ್ತಾ ಕೂತಿದ್ದೆ. ನಾನು ಮಾತ್ರ ರಟ್ಟಿನ ಕಿಂಡಿಯ ಪಕ್ಕ ಒನಕೆ ಎತ್ತಿ ಎತ್ತಿ ರಟ್ಟೆ ನೋಯಿಸಿಕೊಂಡೆ.

ಅದೆಲ್ಲ ಈಗ ಯಾಕೆ ಅಂದರೆ, ಒಂದು ತಿಂಗಳಿಂದ ಯುದ್ಧಕಾಲದ ಹೆಂಗಸರ ಮೇಲೆ ಬರೆದ ಇಂಗ್ಲಿಷ್ ಕಾದಂಬರಿಗಳನ್ನೇ ಓದುತ್ತಿದ್ದೇನೆ. ಎರಡನೇ ಮಹಾಯುದ್ಧ, ಜರ್ಮನರ ಕೈಗೆ ಸಿಕ್ಕ ಫ್ರಾನ್ಸ್, ಅಲ್ಲಿಗೆ ಲಂಡನ್ನಿನಿಂದ ಗುಟ್ಟಾಗಿ ಹೋದ ಹುಡುಗಿಯರು. ಮೂರು ಮುಗಿಸಿದೆ. ಮೂರರಲ್ಲೂ ನಾಯಕಿ ಸುಂದರಿ. ವಿಮಾನ ಇಳಿದು ಐವತ್ತು ಪುಟ ಆಗುವುದರೊಳಗೆ ಒಬ್ಬ ಗಂಡು ಸಿಕ್ಕೇ ಸಿಗುತ್ತಾನೆ. ಪಾಪ, ವೈರ್‌ಲೆಸ್ ಸೆಟ್ ಮಂಚದ ಕೆಳಗೆ ಸುಮ್ನೆ ಬಿದ್ದಿರುತ್ತದೆ. ನನಗೆ ಬೇಕಿದ್ದದ್ದು ಆ ಸೆಟ್ಟಿನ ಕಥೆ ಕಣೋ.

ಅದನ್ನು ಹುಡುಕುತ್ತಾ ಹೋದಾಗ ಸಿಕ್ಕವಳು ನೂರ್ ಇನಾಯತ್ ಖಾನ್. ಕಾದಂಬರಿಯವಳಲ್ಲ, ನಿಜವಾಗಿ ಇದ್ದವಳು. ಅಪ್ಪ ಬರೋಡಾದ ಸಂಗೀತಗಾರ, ಸೂಫಿ ಗುರು. ಅಮ್ಮ ಅಮೆರಿಕದವಳು. ಅಪ್ಪನ ಅಜ್ಜಿ ಟಿಪ್ಪು ಸುಲ್ತಾನನ ವಂಶದವರು ಅನ್ನುತ್ತಾರೆ. ನೋಡು, ಹೈದರಾಲಿಯ ಸೈನಿಕರನ್ನು ಒನಕೆಯಲ್ಲಿ ಬಡಿದ ನನಗೆ ಕೊನೆಗೆ ಹೈದರಾಲಿಯ ಮನೆತನದ ಹುಡುಗಿಯೇ ಸಿಗಬೇಕಾ!

ಹುಟ್ಟಿದ್ದು 1914ರಲ್ಲಿ ಮಾಸ್ಕೋದಲ್ಲಿ, ಬೆಳೆದದ್ದು ಪ್ಯಾರಿಸ್ ಪಕ್ಕದಲ್ಲಿ. ಮಕ್ಕಳಿಗೆ ಕಥೆ ಬರೆಯುತ್ತಿದ್ದಳು. 1939ರಲ್ಲಿ ಜಾತಕ ಕಥೆಗಳ ಪುಸ್ತಕವೊಂದು ಬಂತು. ಮರುವರ್ಷ ಜರ್ಮನರು ಬಂದರು, ಮನೆಯವರು ಇಂಗ್ಲೆಂಡಿಗೆ ಓಡಿದರು. ಅಲ್ಲಿ ವಾಯುಸೇನೆಯ ಮಹಿಳಾ ದಳ ಸೇರಿ ವೈರ್‌ಲೆಸ್ ಕಲಿತಳು. ಆಮೇಲೆ ಶತ್ರುವಿನ ನೆಲಕ್ಕೆ ಗುಟ್ಟಾಗಿ ಜನ ಕಳಿಸುವ ಬ್ರಿಟಿಷ್ ಗುಪ್ತದಳಕ್ಕೆ ಸೇರಿದಳು. ಅಲ್ಲಿನ ತರಬೇತಿಯ ಕೊನೆಗೆ ಮೇಲಧಿಕಾರಿ ಬರೆದ ವರದಿ ಏನು ಗೊತ್ತಾ? ತಲೆಯಲ್ಲಿ ಬುದ್ಧಿಯ ಭಾರ ಅಷ್ಟೇನೂ ಇಲ್ಲ ಅಂತ. ಅವಳನ್ನು ಕಳಿಸುವ ವಿಭಾಗದ ಮುಖ್ಯಸ್ಥ ಅದರ ಪಕ್ಕದಲ್ಲೇ 'ಅಸಂಬದ್ಧ' ಅಂತ ಗೀಚಿದ. 1943ರ ಜೂನ್‌ನಲ್ಲಿ, 29ನೇ ವಯಸ್ಸಿಗೆ, ಫ್ರಾನ್ಸಿಗೆ ಹೋದಳು. ಹಾಗೆ ಹೋದ ಮೊದಲ ಮಹಿಳಾ ವೈರ್‌ಲೆಸ್ ಆಪರೇಟರ್ ಅವಳೇ.

ಹೆಂಗಸರೇ ಯಾಕೆ ಅಂದರೆ ಲೆಕ್ಕ ಸರಳ. ಆ ವರ್ಷ ಫೆಬ್ರವರಿಯಿಂದ ಫ್ರಾನ್ಸಿನ ಯುವಕರನ್ನು ಕಾನೂನು ಮಾಡಿಯೇ ಜರ್ಮನಿಗೆ ಕೂಲಿಗೆ ಅಟ್ಟುತ್ತಿದ್ದರು. ಬೀದಿಯಲ್ಲಿ ವಯಸ್ಸಿನ ಗಂಡು ಕಂಡರೆ ಸಾಕು, ನಿಲ್ಲಿಸಿ ಕಾಗದ ಕೇಳುತ್ತಿದ್ದರು. ಬುಟ್ಟಿ ಇಟ್ಟುಕೊಂಡು ಸೈಕಲ್ಲಿನಲ್ಲಿ ಹೋಗುವ ಹೆಂಗಸಿನ ಮೇಲೆ ಅಷ್ಟು ಕಣ್ಣಿರಲಿಲ್ಲ. ಓಬವ್ವನದೂ ಅದೇ ಅಲ್ವಾ? ನೀರಿಗೆ ಹೊರಟ ಹೆಂಗಸನ್ನು ಯಾರು ಲೆಕ್ಕಕ್ಕೆ ಇಡುತ್ತಾರೆ?

ಇನ್ನು ಆ ಸೆಟ್ಟು. ಒಂದು ಸೂಟ್‌ಕೇಸು, ಸುಮಾರು 15 ಕೆಜಿ. ನಮ್ಮ ಮನೆಯ ತುಂಬಿದ ಗ್ಯಾಸ್ ಸಿಲಿಂಡರಿನ ಒಳಗಿನ ಗ್ಯಾಸೇ ಹೆಚ್ಚುಕಡಿಮೆ ಅಷ್ಟಿರುತ್ತದೆ. ಅದನ್ನು ಹಿಡಿದು, ಭಾರವೇ ಇಲ್ಲ ಅನ್ನುವ ಹಾಗೆ ಮೆಟ್ರೋ ಹತ್ತಬೇಕು. ಜೊತೆಗೆ ಉದ್ದನೆಯ ಏರಿಯಲ್ ತಂತಿಯನ್ನು ಯಾರಿಗೂ ಕಾಣದಂತೆ ಮರಕ್ಕೋ ಕಿಟಕಿಗೋ ಕಟ್ಟಬೇಕು. ಸಿಗ್ನಲ್ ಎಲ್ಲಿಂದ ಬರುತ್ತಿದೆ ಅಂತ ಪತ್ತೆ ಹಚ್ಚುವ ಜರ್ಮನ್ ವ್ಯಾನುಗಳು ಊರೆಲ್ಲ ಸುತ್ತುತ್ತಿರುತ್ತವೆ. ಅವು ಹತ್ತಿರ ಬರುವುದರೊಳಗೆ ಮುಗಿಸಿ, ತಂತಿ ಸುತ್ತಿ, ಜಾಗ ಬಿಡಬೇಕು. ಮೆಟ್ರೋದಲ್ಲಿ ಜರ್ಮನರು ಇದೇನು ಅಂತ ಕೇಳಿದಾಗ ಸಿನಿಮಾ ತೋರಿಸುವ ಮಿಷನ್ನು ಅಂದಳಂತೆ. ಇನ್ನೊಮ್ಮೆ ಏರಿಯಲ್ ಕಟ್ಟಲು ಒದ್ದಾಡುತ್ತಿದ್ದಾಗ ಒಬ್ಬ ಜರ್ಮನ್ ಸಿಪಾಯಿಯೇ ಬಂದು ಕಟ್ಟಿಕೊಟ್ಟನಂತೆ.

ನನ್ನ ಮನಸ್ಸಿನಲ್ಲಿ ಕೂತದ್ದು ಮಾತ್ರ ಒಂದು ಟೀ ಕಪ್ಪು. ಬಂದ ಹೊಸದರಲ್ಲಿ ಯಾರದೋ ಮನೆಯಲ್ಲಿ ಟೀ ಬಗ್ಗಿಸುವಾಗ ಮೊದಲು ಹಾಲು ಹಾಕಿಬಿಟ್ಟಳು. ಅದು ಇಂಗ್ಲಿಷರ ಅಭ್ಯಾಸ, ಇಲ್ಲಿ ಹಾಗೆ ಮಾಡಬೇಡ ಅಂತ ಆ ಮನೆಯಾಕೆ ಎಚ್ಚರಿಸಿದಳು. ಹಾಲಿನ ಒಂದು ತೊಟ್ಟಿನಲ್ಲಿ ಜೀವ ಹೋಗಬಹುದಿತ್ತು. ಇದನ್ನು ಓದಿದ ಮೇಲೆ ಬೆಳಿಗ್ಗೆ ಕಾಫಿ ಬೆರೆಸುವಾಗ ಡಿಕಾಕ್ಷನ್ ಮೊದಲಾ ಹಾಲು ಮೊದಲಾ ಅಂತ ನನ್ನ ಕೈಯನ್ನೇ ನೋಡಿಕೊಳ್ಳುವ ಹಾಗಾಗಿದೆ.

ಬಂದು ಹತ್ತು ದಿನ ಆಗುವುದರೊಳಗೆ ಅವಳ ಜೊತೆ ಗುಟ್ಟಾಗಿ ಕೆಲಸ ಮಾಡುತ್ತಿದ್ದ ಜಾಲದವರನ್ನು ಜರ್ಮನರು ಹಿಡಿಯತೊಡಗಿದರು. ಲಂಡನ್ನಿನವರು ವಾಪಸ್ ಬಾ ಅಂದರು. ತಾನು ಹೋದರೆ ಇಲ್ಲಿಂದ ಸುದ್ದಿ ಕಳಿಸುವವರು ಇಲ್ಲ ಅಂತ ಉಳಿದಳು. ಮನೆ ಬದಲಿಸುತ್ತಾ, ಕೂದಲಿನ ಬಣ್ಣ ಬದಲಿಸುತ್ತಾ ಮೂರು ತಿಂಗಳು ದಾಟಿಸಿದಳು. ಅಕ್ಟೋಬರ್‌ನಲ್ಲಿ ಸಿಕ್ಕಿಬಿದ್ದಳು.

ಇನ್ನು ಮುಂದಿನದನ್ನು ಯಾವ ಕಾದಂಬರಿಯೂ ನನಗೆ ಸರಿಯಾಗಿ ಹೇಳಲಿಲ್ಲ. ಕಳಿಸಿದ ಸಂದೇಶಗಳನ್ನೆಲ್ಲ ಅವಳು ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಂಡಿದ್ದಳು. ಸುಟ್ಟುಹಾಕಬೇಕಿತ್ತು. ಆದೇಶವನ್ನೇ ತಪ್ಪಾಗಿ ತಿಳಿದುಕೊಂಡಿದ್ದಳು ಅನ್ನುತ್ತಾರೆ. ವಿಚಾರಣೆಯಲ್ಲಿ ಅವಳು ಬಾಯಿ ಬಿಡಲಿಲ್ಲ, ಎರಡು ಸಲ ತಪ್ಪಿಸಿಕೊಳ್ಳಲೂ ನೋಡಿದಳು. ಆದರೆ ನೋಟ್‌ಬುಕ್ ಬಾಯಿ ಬಿಟ್ಟಿತು. ಜರ್ಮನರು ಅವಳ ಸೆಟ್ಟಿನಿಂದ, ಅವಳ ಹೆಸರಿನಲ್ಲೇ ಲಂಡನ್ನಿಗೆ ಸುಳ್ಳು ಸಂದೇಶ ಕಳಿಸಿದರು. ಲಂಡನ್ನಿನವರು ನಂಬಿದರು. 1944ರ ಫೆಬ್ರವರಿ ಕೊನೆಯಲ್ಲಿ ಪ್ಯಾರಾಚೂಟಿನಲ್ಲಿ ಇಳಿದವರು ನೇರವಾಗಿ ಜರ್ಮನರ ಗುಪ್ತ ಪೊಲೀಸರಾದ ಗೆಸ್ಟಾಪೊ ಕೈಗೇ ಬಿದ್ದರು. ಅವರಲ್ಲೊಬ್ಬಳು ಮ್ಯಾಡಲೀನ್ ಡಾಮೆರ್ಮಾ. ನೂರ್‌ಳ ಗುಪ್ತನಾಮವೂ ಮ್ಯಾಡಲೀನ್. 1944ರ ಸೆಪ್ಟೆಂಬರ್ 13ರಂದು ಜರ್ಮನಿಯ ಡಖಾವ್ ಯಾತನಾ ಶಿಬಿರದಲ್ಲಿ ನಾಲ್ವರು ಹೆಂಗಸರಿಗೆ ಗುಂಡಿಟ್ಟರು. ಈ ಇಬ್ಬರೂ ಅಲ್ಲಿದ್ದರು.

ಆ ಇಬ್ಬರಲ್ಲಿ ಏನಾದರೂ ಮಾತು ನಡೆಯಿತಾ? ಒಬ್ಬಳ ಸೆಟ್ಟು ಇನ್ನೊಬ್ಬಳನ್ನು ಇಲ್ಲಿಗೆ ತಂದಿತು ಅಂತ ಅವರಿಗೆ ಗೊತ್ತಿತ್ತಾ? ಕಾದಂಬರಿ ಅನ್ನುವುದು ಇರುವುದೇ ಇಂಥ ಜಾಗಕ್ಕೆ ಕಣೋ. ಅಲ್ಲಿಗೆ ಬರುವಷ್ಟರಲ್ಲಿ ನಮ್ಮ ಲೇಖಕರು ನಾಯಕಿಯ ತಪ್ಪನ್ನೆಲ್ಲ ತೊಳೆದು ಹಾರ ಹಾಕಿಬಿಟ್ಟಿರುತ್ತಾರೆ. ತಪ್ಪು ಮಾಡಿದ ನೂರ್ ನನಗೆ ಜಾಸ್ತಿ ಹತ್ತಿರ. ನಾಟಕದಲ್ಲಿ ನಾನು ಒನಕೆ ಜಾರಿಸಿ ಹೈದರನ ಸೈನಿಕನ ಕಾಲ ಮೇಲೆ ಬೀಳಿಸಿದ್ದು ನಿನಗೆ ನೆನಪಿರಬೇಕು.

ಬದುಕಿ ಬಂದವರ ಕಥೆಯೂ ಇದೆ. ಅದೇ ಗುಪ್ತದಳದಿಂದ ಫ್ರಾನ್ಸಿಗೆ ಹೋದ ಪರ್ಲ್ ವಿದರಿಂಗ್‌ಟನ್ ಸಾವಿರಕ್ಕೂ ಹೆಚ್ಚು ಗೆರಿಲ್ಲಾಗಳನ್ನು ಮುನ್ನಡೆಸಿದವಳು. ಯುದ್ಧ ಮುಗಿದ ಮೇಲೆ ನಾಗರಿಕರಿಗೆ ಕೊಡುವ ಪದಕ ಕೊಡಲು ಹೋದರು. ನಾನು ಮಾಡಿದ್ದರಲ್ಲಿ ನಾಗರಿಕರದ್ದು ಅನ್ನುವಂಥದ್ದೇನೂ ಇರಲಿಲ್ಲ ಅಂತ ಅದನ್ನು ತಿರುಗಿಸಿ ಕಳಿಸಿದಳು. ಪ್ಯಾರಾಚೂಟಿನಲ್ಲಿ ಜಿಗಿದವರಿಗೆ ಕೊಡುವ ಬಿಲ್ಲೆ ಅವಳ ಕೈಗೆ ಬಂದದ್ದು 2006ರಲ್ಲಿ, ತೊಂಬತ್ತು ದಾಟಿದ ಮೇಲೆ.

ಮೂರರಲ್ಲಿ ಚೆನ್ನಾಗಿರುವ ಒಂದನ್ನು ನಾಳೆ ನಿನಗೆ ಕೊರಿಯರ್ ಮಾಡುತ್ತೇನೆ. ಆ ಹುಡುಗಿಯರಲ್ಲಿ ಬಹಳಷ್ಟು ಜನರ ಕೆಲಸದ ಹೆಸರೂ ಕೊರಿಯರ್ರೇ. ನಡುವೆ ಬರುವ ಪ್ರೇಮ ಪ್ರಸಂಗ ಹಾರಿಸಿ ಓದು. ಅಂಚಿನಲ್ಲಿ ನಾನು ಪೆನ್ಸಿಲಿನಲ್ಲಿ ಬೈದಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಓದುವಾಗ ಪಕ್ಕದಲ್ಲಿ ಮುದ್ದೆ ಸಾರು ಇಟ್ಟುಕೊಳ್ಳಬೇಡ ಮಾರಾಯ, ಪುಸ್ತಕ ವಾಪಸ್ ಬೇಕು.

ಇಂತಿ ನಿನ್ನ,
ಓಬವ್ವ