ಪಾಯಿಂಟ್ಸ್ ಸರಿಮಾಡಿಕೊಟ್ಟವರಿಗೆ

ಹೆಸರು ಹಾಕಬೇಡಿ ಎಂದಿರಿ, ಹಾಕಿಲ್ಲ. ಕಾಲ್ಕಾ–ಶಿಮ್ಲಾ ಬೆಟ್ಟದ ರೈಲನ್ನು ಕುಗ್ಗಿಸಿ ಮಾಡಿದ ನಮ್ಮ ಪುಟ್ಟ ಮಾದರಿ ರೈಲು ನಿಲ್ಲದೆ ಓಡುತ್ತಿರುವುದು ನಿಮ್ಮಿಂದ.

ಅಳತೆ ಮೊದಲೇ ಸರಿಯಿತ್ತು: ಅಸಲಿ ಗೇಜ್ (ಎರಡು ಹಳಿಗಳ ನಡುವಿನ ಅಂತರ) 762 ಮಿ.ಮೀ., 87ರಲ್ಲಿ ಒಂದು ಪಾಲಿಗೆ (1:87) ಕುಗ್ಗಿಸಿದರೆ ಸುಮಾರು 8.76, ಹಾಗಾಗಿ 9 ಮಿ.ಮೀ. ಹಳಿ ಹೊಂದುತ್ತದೆ. ತೊಂದರೆ ಕರೆಂಟಿನದು. ಹಳಿಯಿಂದಲೇ ಕರೆಂಟ್ ಪಡೆಯುವ, ಹಿಂದುಮುಂದಿನ ಚಕ್ರಗಳ ಅಂತರ ಕಡಿಮೆಯಿರುವ ಎಂಜಿನ್, ರೈಲಿನ ದಾರಿ ಬದಲಿಸುವ ಪಾಯಿಂಟ್ಸ್‌ನ ಪ್ಲಾಸ್ಟಿಕ್ ಕ್ರಾಸಿಂಗ್ (ಹಳಿಗಳು ಒಂದನ್ನೊಂದು ದಾಟುವ ಜಾಗ) ಮೇಲೆ ಬಂದೊಡನೆ ಸತ್ತಂತೆ ನಿಲ್ಲುತ್ತದೆ. ನೀವು ಲೋಹದ ಕ್ರಾಸಿಂಗ್ ಇರುವ ಪಾಯಿಂಟ್ಸ್ ಕೂರಿಸಿದಿರಿ. ಅದರಾಚೆಯ ಎರಡೂ ಒಳಹಳಿಗಳಲ್ಲಿ ಸೀಳು ಬಿಟ್ಟಿರಿ, ಇಲ್ಲದಿದ್ದರೆ ಶಾರ್ಟ್ ಆಗುತ್ತದೆ. ಪಾಯಿಂಟ್ಸ್ ತಿರುಗಿದಾಗಲೆಲ್ಲ ಕ್ರಾಸಿಂಗಿನ ಧ್ರುವವೂ (ಪ್ಲಸ್–ಮೈನಸ್) ಬದಲಾಗುವಂತೆ ಅದೇ ಸ್ವಿಚ್ಚಿನಿಂದ ವೈರ್ ಎಳೆದಿರಿ.

ಪ್ರತಿ ಹಳಿತುಂಡಿಗೂ ಬೇರೆಯೇ ವೈರ್ ಬೆಸೆದದ್ದು ಇನ್ನೂ ದೊಡ್ಡ ಉಪಕಾರ. ಹಳಿ ಜೋಡಿಸುವ ಕ್ಲಿಪ್ಪು ಹೊಸದರಲ್ಲಿ ಕರೆಂಟ್ ಒಯ್ಯುತ್ತದೆ; ಜಲ್ಲಿಯ ಅಂಟು ಒಳಗಿಳಿದರೆ, ಕಿಲುಬು ಹಿಡಿದರೆ ಕೈಕೊಡುತ್ತದೆ.

ಅಸಲಿ ದಾರಿಯ 33ಕ್ಕೆ 1 ಏರು (33 ಅಡಿ ಸಾಗಿದರೆ 1 ಅಡಿ ಮೇಲೆ) ನಮಗೂ ಬೇಕೆಂಬ ಹಟವಿತ್ತು. ತಿರುವಿನ ಎಳೆತವೂ ಸೇರಿದರೆ ಹಗುರ ಎಂಜಿನ್ನಿನ ಚಕ್ರ ಜಾರುತ್ತದೆ ಎಂದು 50ಕ್ಕೆ 1 ಮಾಡಿಸಿದಿರಿ. ನೋಡಲು ಸ್ವಲ್ಪ ಸಪ್ಪೆ, ಆದರೆ ನಾಲ್ಕು ಬೋಗಿ ಏರುತ್ತವೆ!

ಜಲ್ಲಿಯ ಪಾಠವೂ ನಿಮ್ಮದೇ: ಮೊದಲು ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬೆರೆಸಿದ ನೀರನ್ನು ಸಿಂಪಡಿಸಬೇಕು, ಇಲ್ಲವಾದರೆ ಅಂಟು ಮೇಲೆಯೇ ಗುಂಡುಗಟ್ಟುತ್ತದೆ. ಆಮೇಲೆ ಒಂದು ಪಾಲು ಫೆವಿಕಾಲ್, ಮೂರು ಪಾಲು ನೀರು, ಡ್ರಾಪರಿನಲ್ಲಿ. ಪಾಯಿಂಟ್ಸ್‌ನ ಸರಿಯುವ ಹಳಿಗಳ ಬಳಿ ಮಾತ್ರ ಜಲ್ಲಿ, ಅಂಟು ಎರಡೂ ಬೇಡ. ಸುರಂಗದ ಕೆಲಸಕ್ಕೂ ಕರೆಯುತ್ತೇವೆ, ಬರಲೇಬೇಕು ಸ್ವಾಮಿ.