ಎಣ್ಣೆ ಅಡಿಯ ಅಕ್ಷರ

ಪ್ರೀತಿಯ ಮೊಮ್ಮಗಳಿಗೆ ಅಜ್ಜನ ಆಶೀರ್ವಾದ.

ಮೊನ್ನೆ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆ ಎರಡು ರಾತ್ರಿ ನಿದ್ದೆ ಕೆಡಿಸಿತು. ದೂರದ ನಕ್ಷತ್ರದ ಬಳಿ ಬುದ್ಧಿಯುಳ್ಳ ಜೀವಿಗಳಿದ್ದಾರೆ ಎಂದು ಸಾಬೀತಾದರೆ ಜನ ತಡೆದುಕೊಳ್ಳುತ್ತಾರಾ ಅಂದೆ. ತಡೆದುಕೊಳ್ಳುತ್ತಾರವ್ವ. ನನ್ನ ಅಂಜಿಕೆ ಬೇರೆ.

1980ರ ಫೆಬ್ರುವರಿ 16ರಂದು ಖಗ್ರಾಸ ಸೂರ್ಯಗ್ರಹಣ ನಮ್ಮ ರಾಯಚೂರು ಸೀಮೆಯ ಮೇಲೆಯೇ ಹಾದುಹೋಯಿತು. ಜವಳಗೇರಾದಲ್ಲಿ ವಿಜ್ಞಾನಿಗಳು ಉಪಕರಣ ಹೂಡಿ ಕಾದಿದ್ದರು. ನಾವು ಕದ ಹಾಕಿ, ಕಿಟಕಿಗೆ ಕಂಬಳಿ ಕಟ್ಟಿ ಕೂತೆವು. ಹಕ್ಕಿಗಳು ಗೂಡಿಗೆ ಮರಳುವ ಸದ್ದಷ್ಟೇ ಕೇಳಿಸಿತು. ಮರುದಿನ ಎಂದಿನಂತೆ ಹೊಲಕ್ಕೆ ಹೋದೆವು. ಯಾರಿಗೂ ಹುಚ್ಚು ಹಿಡಿಯಲಿಲ್ಲ. ಕಾಣುವಂಥದ್ದನ್ನು ಕಾಣದೆ ಹೋದೆವು, ಅಷ್ಟೆ. ಆ ಸಂಕಟ ನನಗೆ ಇಂದಿಗೂ ಇದೆ.

ಆ ದೂರದ ನಕ್ಷತ್ರದ ಕಡೆಯಿಂದ ಮಾತು ಬಂದರೂ ನೆಂಟರ ಹಾಗೆ ಬಾಗಿಲಿಗೆ ಬರುವುದಿಲ್ಲ. ಶಾಸನದ ಹಾಗೆ ಸಿಗುತ್ತದೆ. 1974ರಲ್ಲಿ ಪೋರ್ಟೊ ರಿಕೋ ದ್ವೀಪದ ಅರೆಸಿಬೋ ರೇಡಿಯೋ ದೂರದರ್ಶಕದಿಂದ ಎಂ13 ಎಂಬ ನಕ್ಷತ್ರಗುಚ್ಛದ ಕಡೆ ಕಳಿಸಿದ ರೇಡಿಯೋ ಸಂದೇಶ ಅಷ್ಟು ದೂರ ಸಾಗಲು ಸುಮಾರು 25,000 ವರ್ಷ ಬೇಕು. ಅಂಥ ದೂರದಿಂದ ನಮಗೊಂದು ಬಂದರೆ, ಕೆತ್ತಿದವರು ಉಳಿದಿದ್ದಾರೋ ಇಲ್ಲವೋ. ನಮ್ಮ ಹಳ್ಳಿಗಳಲ್ಲಿ ಶಾಸನದ ಕಲ್ಲಿಗೆ ಏನಾಯಿತು ನೋಡು. ಕೆಲವರು ಎಣ್ಣೆ ಎರೆದು ಕುಂಕುಮ ಬಳಿದರು, ಅಕ್ಷರ ಮುಚ್ಚಿತು. ಕೆಲವರು ಬಟ್ಟೆ ಒಗೆದರು. ನಿಧಿಗಳ್ಳರು ಬುಡ ಅಗೆದು ಕಲ್ಲನ್ನೇ ಸೀಳಿದರು. ಓದಿದವರು ಬೆರಳೆಣಿಕೆಯಷ್ಟು. ಆ ಸುದ್ದಿಯ ದಿನವೂ ಪೂಜೆ ನಡೆಯುತ್ತದೆ, ವ್ಯಾಪಾರ ನಡೆಯುತ್ತದೆ, ನಮ್ಮ ಪುರಾಣದಲ್ಲಿ ಇದೆಲ್ಲ ಮೊದಲೇ ಇತ್ತು ಅನ್ನುವವರೂ ಏಳುತ್ತಾರೆ. ತಿಂಗಳೊಪ್ಪತ್ತು ಕಳೆದರೆ ಮತ್ತೆ ತೊಗರಿ ದರದ ಮಾತು.

ನೀನು ಓದುವವರ ಕಡೆ ಇರಬೇಕು. 1967ರಲ್ಲಿ ಕೇಂಬ್ರಿಜ್‌ನಲ್ಲಿ ನಿನ್ನಂತೆಯೇ ವಿದ್ಯಾರ್ಥಿನಿಯಾಗಿದ್ದ ಜೋಸೆಲಿನ್ ಬೆಲ್ ಅವರ ರೇಡಿಯೋ ದೂರದರ್ಶಕ ಗೀಚುತ್ತಿದ್ದ ಕಾಗದದ ಸುರುಳಿಯಲ್ಲಿ 1.33 ಸೆಕೆಂಡಿಗೊಂದು ಮಿಡಿತ, ಗಡಿಯಾರದಷ್ಟು ಕರಾರುವಾಕ್ಕಾಗಿ ಮೂಡಿತು. 'ಪುಟ್ಟ ಹಸಿರು ಮನುಷ್ಯರು' ಎಂಬ ಹೆಸರೂ ಬಿತ್ತು. ಆದರೂ ಡಂಗುರ ಸಾರಲಿಲ್ಲ. ಗ್ರಹವೊಂದರಿಂದ ಬರುತ್ತಿದ್ದರೆ, ಅದು ತನ್ನ ಸೂರ್ಯನ ಸುತ್ತ ತಿರುಗುವಾಗ ಮಿಡಿತದ ಅಂತರ ಹಿಗ್ಗಿ ಕುಗ್ಗಬೇಕು, ಅಳೆದರು, ಹಾಗಾಗಲಿಲ್ಲ. ಅಷ್ಟರಲ್ಲಿ ಆಕಾಶದ ಇನ್ನೊಂದು ದಿಕ್ಕಿನಲ್ಲಿ ಅಂಥದ್ದೇ ಎರಡನೆಯದು ಆಕೆಗೇ ಸಿಕ್ಕಿತು. ಎರಡು ದಿಕ್ಕಿನವರು ಒಂದೇ ಹೊತ್ತಿನಲ್ಲಿ ಒಂದೇ ಪರಿಯಲ್ಲಿ ಕೂಗುವುದುಂಟೇ? 1968ರ ಫೆಬ್ರುವರಿಯಲ್ಲಿ ಲೋಕಕ್ಕೆ ತಿಳಿಸಿದರು. ಅವು ಗರಗರ ತಿರುಗುತ್ತ ಮಿಡಿಯುವ ಸತ್ತ ನಕ್ಷತ್ರಗಳ ತಿರುಳು, ಅವನ್ನೇ ಈಗ ಪಲ್ಸಾರ್ ಅನ್ನುತ್ತೇವೆ.

ಹಾಗಾಗಿ ಅಂಥ ಸುದ್ದಿ ಬಂದ ದಿನ ಯಾರಿಗೂ ಕಳಿಸುವ ಮೊದಲು ಒಂದೇ ಮಾತು ಕೇಳು: ಇನ್ನೊಂದು ದೂರದರ್ಶಕಕ್ಕೂ ಇದು ಕೇಳಿಸಿತೇ? ಹೀಗೆ ಪರೀಕ್ಷಿಸಿಯೇ ಸಾರಬೇಕು, ದೇಶ ದೇಶಗಳ ನಡುವೆ ಸಮಾಲೋಚನೆ ನಡೆಸದೆ ಉತ್ತರ ಕಳಿಸಬಾರದು ಎಂದು 1989ರಲ್ಲೇ ವಿಜ್ಞಾನಿಗಳು ಬರೆದಿಟ್ಟಿದ್ದಾರೆ. ಹೆದರಿದವರನ್ನು ಬೈಯಬೇಡ, ಪಕ್ಕದಲ್ಲಿ ಕೂತು ಹೇಳು. 1980ರಲ್ಲಿ ಹಾಗೆ ಕೈ ಹಿಡಿದು ಅಂಗಳಕ್ಕೆ ಕರೆಯುವವರು ನನಗೆ ಸಿಗಲಿಲ್ಲ.

ದೀಪಾವಳಿಗೆ ಬಾ. ಹಳ್ಳದ ದಂಡೆಯ ಶಾಸನದಲ್ಲಿ ಮೇಲಿನ ನಾಲ್ಕು ಸಾಲು ಓದಿದ್ದೇನೆ. ಉಳಿದದ್ದು ಎಣ್ಣೆಯ ಅಡಿ ಇದೆ. ಸೀಗೆಪುಡಿ ತೆಗೆದಿಟ್ಟಿರುತ್ತೇನೆ.

ನಿನ್ನ ಅಜ್ಜ