ಸೂಸಾದಲ್ಲಿ ಕಾಯುವ ತಾಯಿ

ಪ್ರೀತಿಯ ತಮ್ಮಾ,

ಗ್ರೀಕರ ಮೇಲೆ ಪರ್ಷಿಯನ್ನರು ದಂಡೆತ್ತಿ ಬಂದ ಯುದ್ಧದ ಬಗ್ಗೆ ನೀನು ಬರೆದ ಚಿತ್ರಕಥೆ ಓದಿದೆ. ಫಾರ್ಮ್ಯಾಟ್ ಹೇಗಿರಬೇಕು, ಯಾರಿಗೆ ತೋರಿಸಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನು ಯಾರು ಬೇಕಾದರೂ ಹೇಳಿಕೊಡುತ್ತಾರೆ, ಬಿಡು. 'ಇನ್ನು ನನ್ನ ಕೈಲಾಗೋದಿಲ್ಲ' ಅಂತ ಕೊನೆಯಲ್ಲಿ ಬರೆದಿದ್ದೀಯಲ್ಲ, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಥರ್ಮೋಪಿಲೆಯ ಕಣಿವೆದಾರಿಯಲ್ಲಿ ಪರ್ಷಿಯನ್ನರನ್ನು ತಡೆದು ನಿಂತ ಗ್ರೀಕರು, ಸ್ಪಾರ್ಟಾದವರು, ಸಾಯುವ ಮೊದಲು ತಲೆ ಬಾಚಿಕೊಳ್ಳುವ ಸೀನು ತುಂಬಾ ಚೆನ್ನಾಗಿ ಬಂದಿದೆ. ಆದರೆ ಅದನ್ನು ನೋಡಿದ್ದು ಯಾರು? ಬೇಹಿಗೆ ಬಂದ ಒಬ್ಬ ಪರ್ಷಿಯನ್ ಸವಾರ. ಆ ಯುದ್ಧದ ಚರಿತ್ರೆ ಬರೆದ ಗ್ರೀಕ ಹೆರೊಡೊಟಸ್ ಹೇಳುವ ಪ್ರಕಾರ ಅವನು ಎಲ್ಲವನ್ನೂ ನೋಡಿಕೊಂಡು ವಾಪಸ್ ಹೋದ, ಯಾರೂ ಬೆನ್ನಟ್ಟಲಿಲ್ಲ. ನಿನ್ನ ಸೀನಿನಲ್ಲಿ ಅವನೇ ಇಲ್ಲ! ನಿನ್ನ ಪರ್ಷಿಯನ್ನರು ಕಿರುಚುತ್ತಾರೆ, ಸಾಯುತ್ತಾರೆ, ಅಷ್ಟೇ. ನಡುವೆ ಒಬ್ಬ ಒಳ್ಳೆಯ ಪರ್ಷಿಯನ್‌ನನ್ನು ತುರುಕಿದರೆ ಇದು ಸರಿಹೋಗುವುದಿಲ್ಲ.

ಅಥೆನ್ಸ್‌ನ ನಾಟಕಕಾರ ಈಸ್ಕಿಲಸ್‌ನನ್ನು ಓದು. ಕ್ರಿ.ಪೂ. 490ರಲ್ಲಿ ಮ್ಯಾರಥಾನ್‌ನಲ್ಲಿ ಪರ್ಷಿಯನ್ನರ ಎದುರು ಕಾದಾಡಿದವನು ಅವನು. ಅವನ ಅಣ್ಣತಮ್ಮಂದಿರಲ್ಲಿ ಒಬ್ಬ ಅಲ್ಲೇ ಸತ್ತ. 480ರಲ್ಲಿ ಪರ್ಷಿಯನ್ನರು ಅಥೆನ್ಸ್ ಸುಟ್ಟರು. ಅದಾಗಿ ಎಂಟೇ ವರ್ಷಕ್ಕೆ, ಅದೇ ಊರಿನ ಜನರ ಮುಂದೆ ಅವನು ಆಡಿಸಿದ ನಾಟಕ ನಡೆಯುವುದು ಶತ್ರುವಿನ ರಾಜಧಾನಿ ಸೂಸಾದಲ್ಲಿ. ಪರ್ಷಿಯದ ದೊರೆ ಕ್ಸರ್ಕ್ಸಿಸ್‌ನ ತಾಯಿ ಮಗನ ಸುದ್ದಿಗೆ ಕಾಯುತ್ತಿದ್ದಾಳೆ. ದೂತ ಬಂದು ಸಲಾಮಿಸ್‌ನ ಸಮುದ್ರ ಯುದ್ಧದಲ್ಲಿ ಸತ್ತ ಪರ್ಷಿಯನ್ ಸರದಾರರ ಹೆಸರು ಹಿಡಿದು ಹೇಳುತ್ತಾನೆ. ಗೆದ್ದ ಗ್ರೀಕರಲ್ಲಿ ಒಬ್ಬನ ಹೆಸರೂ ನಾಟಕದಲ್ಲಿಲ್ಲ. ಮೊದಲ ಬಹುಮಾನ ಕೊಟ್ಟಿದ್ದು ಆ ಸುಟ್ಟ ಊರೇ. ನೋಡುವವರನ್ನು ಅವನು ಅಷ್ಟು ನಂಬಿದ್ದ.

ನನ್ನದೊಂದು ಚಿತ್ರಕಥೆಯಲ್ಲಿ ಶತ್ರು ಸೈನಿಕನ ತಾಯಿಯ ಸೀನೊಂದಿತ್ತು. 'ಜನಕ್ಕೆ ಗೊಂದಲ ಆಗುತ್ತೆ' ಅಂತ ನಿರ್ಮಾಪಕರು ಕಿತ್ತು ಹಾಕಿದರು. ಆ ಸಿಟ್ಟು ನನಗೆ ಇವತ್ತಿಗೂ ಹೋಗಿಲ್ಲ. ನಿನ್ನ ಸೀನನ್ನು ಯಾರೂ ಕೀಳಲಿಲ್ಲ. ನೀನು ಬರೆಯಲೇ ಇಲ್ಲ, ಅಲ್ವಾ?

ಹಾಗಂತ ಕ್ಸರ್ಕ್ಸಿಸ್‌ನನ್ನು ಸಾಧು ಮಾಡಬೇಡ. ಸ್ಪಾರ್ಟಾದವರು ಹಿಂದೆ ಪರ್ಷಿಯದ ದೂತರನ್ನು ಬಾವಿಗೆ ತಳ್ಳಿ ಕೊಂದಿದ್ದರು. ಆ ತಪ್ಪಿಗೆ ಪ್ರಾಣ ಕೊಡುತ್ತೇವೆ ಅಂತ ಇಬ್ಬರು ಸ್ಪಾರ್ಟಾದವರು ಬಂದು ನಿಂತಾಗ, ನಾನು ನಿಮ್ಮ ಹಾಗೆ ಮಾಡುವುದಿಲ್ಲ ಅಂತ ಕಳಿಸಿಕೊಟ್ಟವನು ಅವನು. ಐದು ಮಕ್ಕಳಲ್ಲಿ ದೊಡ್ಡವನನ್ನಾದರೂ ಯುದ್ಧದಿಂದ ಬಿಡು ಅಂತ ಪಿಥಿಯಸ್ ಎಂಬ ಮುದುಕ ಬೇಡಿಕೊಂಡಾಗ, ಆ ಮಗನನ್ನೇ ಎರಡು ತುಂಡು ಮಾಡಿಸಿ ನಡುವೆ ಸೈನ್ಯ ನಡೆಸಿದವನೂ ಅವನೇ. ಎರಡನ್ನೂ ಹೆರೊಡೊಟಸ್ ಹೇಳಿದ್ದಾನೆ. ನೀನೂ ಎರಡನ್ನೂ ಬರಿ, ಒಂದನ್ನು ಮುಚ್ಚಬೇಡ.

ಗ್ರೀಕರೇ ಎರಡೂ ಕಡೆ ಇದ್ದರು ಅನ್ನೋದನ್ನೂ ಮರೆತಿದ್ದೀಯ. ಗ್ರೀಕರೇ ಆದ ಥೀಬ್ಸ್‌ನವರು ಪ್ಲಟೇಯಾದ ಕಾಳಗದಲ್ಲಿ ಪರ್ಷಿಯದ ಪರ ನಿಂತರು. ಹೆರೊಡೊಟಸ್‌ನ ಊರಿನ ರಾಣಿ ಆರ್ಟಿಮಿಸಿಯಾ ಸಲಾಮಿಸ್‌ನಲ್ಲಿ ಕ್ಸರ್ಕ್ಸಿಸ್‌ಗಾಗಿ ಹಡಗು ನಡೆಸಿದಳು.

ಪರ್ಷಿಯದ ಪರ್ಸೆಪೊಲಿಸ್ ನಗರದಲ್ಲಿ ಸಿಕ್ಕ, ಕ್ಸರ್ಕ್ಸಿಸ್‌ನ ಅಪ್ಪ ಡೇರಿಯಸ್ ಕಾಲದ ಮಣ್ಣಿನ ಹಲಗೆಗಳಿವೆ. ಯಾರಿಗೆ ಎಷ್ಟು ಧಾನ್ಯ, ಎಷ್ಟು ವೈನ್, ಹೆತ್ತ ಹೆಂಗಸಿಗೆ ಎಷ್ಟು ಜಾಸ್ತಿ ಪಡಿ, ಎಲ್ಲ ಬರೆದಿಟ್ಟಿದ್ದಾರೆ. ಸುಮ್ನೆ ಕೂರಬೇಡ, ಅದರ ಅನುವಾದ ಹುಡುಕಿ ಓದು. ಆಮೇಲೆ ಸೂಸಾದ ಒಂದು ಮನೆಯ ಸೀನು ಬರೆದು ಕಳಿಸು. ಬೇರೆ ಕೆಲಸ ಬದಿಗಿಟ್ಟು ಓದುತ್ತೇನೆ.

ನಿನ್ನ ಅಕ್ಕ